ಟ್ರ್ಯಾಕ್‌ಪ್ಯಾಡ್ ಮೇಲೆ ಫೈಟಿಂಗ್ ಗೇಮ್: ಹೆಬ್ಬೆರಳು ಎತ್ತುವುದೇ ಅರ್ಧ ಆಟ

ಆಷಾಢದ ಮಳೆ ಹಿಡಿದು ಮೂರು ದಿನ ಆಗಿತ್ತು. ಕಾಲೇಜಿಗೆ ಮಳೆ ರಜೆ ಕೊಟ್ಟಿದ್ದರಿಂದ ಅಕ್ಕನ ಮಗ ಶಿವಮೊಗ್ಗದಿಂದ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಿದ್ದ. ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ನನ್ನ ಹಳೇ ಸ್ಟೀಮ್ ಕಂಟ್ರೋಲರ್ ಹಿಡಿದು, ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಸ್ಟ್ರೀಟ್ ಫೈಟರ್ 6 ಆಡುತ್ತಿದ್ದ. ಸ್ವಲ್ಪ ಹೊತ್ತಿಗೆ ಒಳಗಿದ್ದ ನನ್ನನ್ನು ಕೂಗಿ ಕರೆದ.

"ಮಾವ, ಹಡೋಕೆನ್ ಹತ್ತು ಸಲ ಹಾಕಿದ್ರೆ ಮೂರು ಸಲ ಬರುತ್ತೆ ಅಷ್ಟೇ. ಈ ಪ್ಯಾಡಲ್ಲಿ ಫೈಟಿಂಗ್ ಗೇಮ್ ಆಗಲ್ಲ ಬಿಡಿ."

ಹಡೋಕೆನ್ ಅಂದರೆ ಆ ಆಟದ ರ್ಯೂ ಅನ್ನುವ ಪಾತ್ರ ಕೈಯಿಂದ ಎಸೆಯುವ ಶಕ್ತಿಯ ಉಂಡೆ. ಟ್ರೈನಿಂಗ್ ಮೋಡ್ ತೆಗೆ ಅಂದೆ. ಅದರಲ್ಲಿ ಪರದೆಯ ಒಂದು ಪಕ್ಕದಲ್ಲಿ ನಾವು ಒತ್ತಿದ್ದೆಲ್ಲ ಸಾಲಾಗಿ ಬರುತ್ತಾ ಹೋಗುತ್ತದೆ: ಯಾವ ದಿಕ್ಕು, ಎಷ್ಟು ಹೊತ್ತು, ಯಾವ ಬಟನ್. "ಈಗ ಇನ್ನೊಂದು ಸಲ ಹಾಕು" ಅಂದೆ. ಹಾಕಿದ. ರ್ಯೂ ಸುಮ್ನೆ ಗಾಳಿಗೆ ಗುದ್ದಿದ. ಸಾಲಿನಲ್ಲಿ ಬಂದಿದ್ದು ಇಷ್ಟು: ಕೆಳಗಿನ ಬಾಣ, ಕೆಳಗೆ-ಮುಂದಿನ ಓರೆ ಬಾಣ, ಆಮೇಲೆ ಬಾಣವೇ ಇಲ್ಲ, ಬರೀ ಪಂಚ್. ಕೊನೆಗೆ ಬರಬೇಕಿದ್ದ ಮುಂದಿನ ಬಾಣ ಬಂದೇ ಇರಲಿಲ್ಲ. ಅವನ ಹೆಬ್ಬೆರಳನ್ನೇ ನೋಡುತ್ತಾ ಕೂತೆ. ಕೆಳಗಿನಿಂದ ಬಲಕ್ಕೆ ಹೊರಳುವಾಗ ಅದು ಪ್ಯಾಡಿನ ಅಂಚು ದಾಟಿ ಪಕ್ಕದ ಪ್ಲಾಸ್ಟಿಕ್ ಮೇಲೆ ಹೋಗುತ್ತಿತ್ತು. ಅವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಅಂಚು ದಾಟಿದ ಬೆರಳು ಪ್ಯಾಡಿನ ಲೆಕ್ಕದಲ್ಲಿ ಎತ್ತಿದ ಬೆರಳು.

ಪ್ಯಾಡಿನಲ್ಲಿ ತೊಂದರೆ ಇರಲಿಲ್ಲ. ಡಿ-ಪ್ಯಾಡಿಗೆ, ಅಂದರೆ ಮಾಮೂಲಿ ಗೇಮ್‌ಪ್ಯಾಡಿನಲ್ಲಿ ದಿಕ್ಕು ಒತ್ತುವ ಕೂಡಿಸುವ ಚಿಹ್ನೆಯಂಥ ಬಟನ್ನಿಗೆ, ಒಗ್ಗಿದ ಕೈಯನ್ನು ಅವನು ಹಾಗೇ ಇದರ ಮೇಲೂ ಓಡಿಸುತ್ತಿದ್ದ. ಎರಡರ ನಡುವೆ ವ್ಯತ್ಯಾಸ ಏನು, ಅದಕ್ಕೆ ಸೆಟ್ಟಿಂಗ್ ಹೇಗಿರಬೇಕು, ಬೆರಳು ಹೇಗೆ ಓಡಬೇಕು ಎಂದು ಆ ಸಂಜೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಸ್ಟೀಮ್ ಕಂಟ್ರೋಲರ್ ನೋಡದವರಿಗೆ ಎರಡು ಮಾತು. ವಾಲ್ವ್ ಕಂಪನಿ ಇದನ್ನು 2015ರ ನವೆಂಬರಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಮಾಮೂಲಿ ಗೇಮ್‌ಪ್ಯಾಡಿನಲ್ಲಿ ಎಡಗಡೆ ಡಿ-ಪ್ಯಾಡ್, ಬಲಗಡೆ ಎರಡನೇ ಸ್ಟಿಕ್ ಇರುತ್ತದೆ ಅಲ್ವಾ? ಇದರಲ್ಲಿ ಎರಡೂ ಇಲ್ಲ. ಅವುಗಳ ಬದಲು ಎರಡು ದುಂಡನೆಯ ಟ್ರ್ಯಾಕ್‌ಪ್ಯಾಡ್ ಇವೆ. ಲ್ಯಾಪ್‌ಟಾಪಿನಲ್ಲಿ ಮೌಸ್ ಬದಲಿಗೆ ಬೆರಳಾಡಿಸುತ್ತೇವಲ್ಲ, ಅದೇ ಜಾತಿಯದು. ಎಡಗಡೆಯ ಪ್ಯಾಡ್ ಮೇಲೆ ಕೂಡಿಸುವ ಚಿಹ್ನೆಯ ಹಾಗೆ ಒಂದು ಗುರುತು ಕೊರೆದಿದೆ. ಮೌಸ್‌ನಲ್ಲಿ ಆಡುವ ಆಟಗಳನ್ನು ಸೋಫಾ ಮೇಲೆ ಕೂತು ಆಡಲಿ ಎಂದು ಮಾಡಿದ್ದು ಇದು. ಫೈಟಿಂಗ್ ಗೇಮ್ ಆಡುವವರು ಅದನ್ನು ಮಾಡಿದವರ ಮನಸ್ಸಿನಲ್ಲಿ ಮೊದಲು ಬಂದಿರಲಾರರು. 2019ರಲ್ಲಿ ಮಾರಾಟ ನಿಂತಿತು. ಆದರೆ ಪ್ಯಾಡ್‌ಗಳು ನಿಲ್ಲಲಿಲ್ಲ. 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ನಲ್ಲಿ ಎರಡು ಚೌಕದ ಪ್ಯಾಡ್ ಇವೆ. 2025ರ ನವೆಂಬರಿನಲ್ಲಿ ವಾಲ್ವ್ ಘೋಷಿಸಿದ ಹೊಸ ಕಂಟ್ರೋಲರಿನಲ್ಲೂ ಇವೆ. ಹಾಗಾಗಿ ಇಲ್ಲಿ ಬರೆದಿದ್ದು ಆ ಯಂತ್ರಗಳಿಗೂ ಹೊಂದುತ್ತದೆ.

ನಾನು ಇದಕ್ಕೆ ಬಿದ್ದಿದ್ದು ಹೆಬ್ಬೆರಳ ನೋವಿನಿಂದ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಎದ್ದರೆ ಹೆಬ್ಬೆರಳ ಬುಡ ಹಿಡಿದುಕೊಂಡಿರುತ್ತದೆ. ರಾತ್ರಿ ಡಿ-ಪ್ಯಾಡ್ ಒತ್ತಲು ಹೋದರೆ ಜೀವ ಹೋಗುತ್ತಿತ್ತು. ಟ್ರ್ಯಾಕ್‌ಪ್ಯಾಡಿಗೆ ಒತ್ತಡವೇ ಬೇಡ, ತಾಗಿದರೆ ಸಾಕು. ಆ ಒಂದು ಕಾರಣಕ್ಕೆ ಹಟ ಹಿಡಿದು ಕಲಿತೆ.

ಆಟ ಏನನ್ನು ಓದುತ್ತದೆ

ಫೈಟಿಂಗ್ ಗೇಮ್‌ಗೆ ನಮ್ಮ ಬೆರಳು ಕಾಣುವುದಿಲ್ಲ. ಅದಕ್ಕೆ ಕಾಣುವುದು ಒಂಬತ್ತು ಸ್ಥಿತಿಗಳು ಮಾತ್ರ. ಎಂಟು ದಿಕ್ಕು, ಜೊತೆಗೆ 'ಏನೂ ಒತ್ತಿಲ್ಲ' ಅನ್ನುವ ನಡು. ಆಡುವವರು ಇವನ್ನು ಕೀಬೋರ್ಡಿನ ಬಲಗಡೆ ಇರುವ ನಂಬರ್ ಪ್ಯಾಡಿನ ಅಂಕಿಗಳಿಂದ ಕರೆಯುತ್ತಾರೆ. ಕೆಳಗೆ ಅಂದರೆ 2, ಹಿಂದೆ 4, ಮುಂದೆ 6, ಮೇಲೆ 8. ಮೂಲೆಗಳು 1, 3, 7, 9. ನಡು 5. ನಮ್ಮ ಆಟಗಾರ ಬಲಕ್ಕೆ ಮುಖ ಮಾಡಿ ನಿಂತಿದ್ದಾನೆ ಎಂದು ಲೆಕ್ಕ. ಎಡಕ್ಕೆ ತಿರುಗಿದರೆ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ.

ಹಡೋಕೆನ್ ಅಂದರೆ 2, 3, 6, ಆಮೇಲೆ ಪಂಚ್. 1991ರ ಸ್ಟ್ರೀಟ್ ಫೈಟರ್ 2ರಲ್ಲೂ ಹೀಗೇ, ಈಗಲೂ ಹೀಗೇ. ಮೇಲಕ್ಕೆ ನೆಗೆಯುತ್ತಾ ಗುದ್ದುವ ಶೊರ್ಯುಕೆನ್ ಅಂದರೆ 6, 2, 3. ಗೈಲ್ ಅನ್ನುವ ಪಾತ್ರದ ಸೋನಿಕ್ ಬೂಮ್‌ಗೆ 4 ಅನ್ನು ಮುಕ್ಕಾಲು ಸೆಕೆಂಡ್ ಹತ್ತಿರ ಹಿಡಿದಿಟ್ಟು 6. ಜಾಂಗೀಫ್ ಅನ್ನುವ ಕುಸ್ತಿಪಟು ಪಾತ್ರದ ದೊಡ್ಡ ಎಸೆತಕ್ಕೆ ಒಂದು ಇಡೀ ಸುತ್ತು.

ಆಟ ಈ ಸ್ಥಿತಿಯನ್ನು ಸೆಕೆಂಡಿಗೆ 60 ಸಲ ನೋಡುತ್ತದೆ. ಒಂದೊಂದು ನೋಟಕ್ಕೆ ಒಂದು ಫ್ರೇಮ್ ಅನ್ನುತ್ತಾರೆ. ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಸ್ಟ್ರೀಟ್ ಫೈಟರ್ 6ರಲ್ಲಿ ಎದುರಾಳಿಯನ್ನು ಹಿಡಿದು ಎಸೆಯುವ ಪಟ್ಟು 5 ಫ್ರೇಮಿಗೆ ತಾಗುತ್ತದೆ. ಡ್ರೈವ್ ಇಂಪ್ಯಾಕ್ಟ್ ಅನ್ನುವ ಭಾರೀ ಹೊಡೆತ 26 ಫ್ರೇಮಿಗೆ. ಕಂಡು ಎಚ್ಚೆತ್ತು ಉತ್ತರ ಕೊಡಲು ಎಷ್ಟು ಹೊತ್ತು ಸಿಗುತ್ತದೆ ಎಂದು ಇದರಿಂದ ಅಂದಾಜು ಮಾಡಬಹುದು.

ಇಲ್ಲಿ ಇನ್ನೊಂದು ವಿಷಯ ಇದೆ. ಆಟಕ್ಕೆ ಟ್ರ್ಯಾಕ್‌ಪ್ಯಾಡ್ ಅನ್ನುವುದೇ ಗೊತ್ತಿಲ್ಲ. ನಡುವೆ ವಾಲ್ವ್ ಕಂಪನಿಯದೇ ಆದ ಸ್ಟೀಮ್ ಸಾಫ್ಟ್‌ವೇರ್ ಕೂತಿದೆ. ಬೆರಳು ಪ್ಯಾಡಿನ ಯಾವ ಜಾಗದಲ್ಲಿದೆ ಎಂದು ನೋಡಿ, 'ಇದು ಡಿ-ಪ್ಯಾಡಿನ 3' ಎಂದು ಅನುವಾದಿಸಿ ಆಟಕ್ಕೆ ಹೇಳುತ್ತದೆ. ಅನುವಾದ ಕೆಟ್ಟರೆ ಎಂಥ ಕೈಯಾದರೂ ಅಷ್ಟೇ. ಆ ಅನುವಾದ ಹೇಗಿರಬೇಕು ಎಂದು ನಾವೇ ಹೇಳಿಕೊಡಬಹುದು ಅನ್ನುವುದೇ ಈ ಸಾಧನದ ದೊಡ್ಡ ಗುಣ.

ನಡು ಎಲ್ಲಿದೆ?

ಡಿ-ಪ್ಯಾಡಿನ ಕೆಳಗೆ ರಬ್ಬರ್ ಇದೆ. ಒತ್ತಿದ್ದನ್ನು ಬಿಟ್ಟರೆ ರಬ್ಬರ್ ಅದನ್ನು ಮೇಲಕ್ಕೆ ತಳ್ಳುತ್ತದೆ. ಆರ್ಕೇಡ್ ಸ್ಟಿಕ್‌ನಲ್ಲಿ ಸ್ಪ್ರಿಂಗ್ ಇದೆ. ಕೈ ಸಡಿಲ ಬಿಟ್ಟರೆ ಹಿಡಿ ತಾನಾಗಿ ನಡುವಿಗೆ ಬರುತ್ತದೆ. ಅಂದರೆ 5 ಅನ್ನುವ ಸ್ಥಿತಿ ಆ ಸಾಧನಗಳಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನಾವು ಅದರ ಬಗ್ಗೆ ಯೋಚನೆ ಕೂಡ ಮಾಡುವುದಿಲ್ಲ.

ಟ್ರ್ಯಾಕ್‌ಪ್ಯಾಡಿನಲ್ಲಿ ದಿಕ್ಕು ಹೇಳಲು ಏನೂ ಅಲುಗಾಡಬೇಕಿಲ್ಲ. ಮೇಲ್ಮೈ ಕೆಳಗೆ ಸಣ್ಣ ತಂತುಗಳ ಬಲೆ ಇದೆ. ಬೆರಳು ಹತ್ತಿರ ಬಂದಾಗ ಅಲ್ಲಿಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಆ ಬದಲಾವಣೆಯಿಂದ ಜಾಗ ಗೊತ್ತಾಗುತ್ತದೆ. ಇಲ್ಲಿ ರಬ್ಬರೂ ಇಲ್ಲ, ಸ್ಪ್ರಿಂಗೂ ಇಲ್ಲ. ಬೆರಳನ್ನು ಬಲಕ್ಕೆ ಸರಿಸಿ ಸುಮ್ನೆ ಇಟ್ಟುಕೊಂಡರೆ 6 ಒತ್ತಿಕೊಂಡೇ ಇರುತ್ತದೆ. ನಡುವಿಗೆ ಹೋಗಬೇಕೆಂದರೆ ಎರಡೇ ದಾರಿ. ಬೆರಳನ್ನು ನಾವೇ ನಡುವಿಗೆ ತರಬೇಕು, ಇಲ್ಲವೇ ಎತ್ತಬೇಕು.

ನನ್ನ ಪ್ರಕಾರ ಎತ್ತುವುದನ್ನು ಕಲಿತವನಿಗೆ ಮಾತ್ರ ಈ ಪ್ಯಾಡ್ ಒಲಿಯುತ್ತದೆ. ಉಳಿದಿದ್ದೆಲ್ಲ ಇದರ ಹಿಂದೆ ಬರುತ್ತದೆ.

ಮುಂದಕ್ಕೆ ಜಿಗಿದು ಓಡುವ ಡ್ಯಾಶ್ ತೆಗೆದುಕೊಳ್ಳಿ. ಅದು 6, 5, 6. ಎರಡು 6ರ ನಡುವೆ 5 ಬರದಿದ್ದರೆ ಆಟ ಅದನ್ನು ನಡಿಗೆ ಎಂದು ತಿಳಿಯುತ್ತದೆ. ಡಿ-ಪ್ಯಾಡ್ ಅಭ್ಯಾಸದವರು ಪ್ಯಾಡ್ ಮೇಲೆ ಬೆರಳನ್ನು ಬಲಕ್ಕೆ ಎರಡು ಸಲ ಉಜ್ಜುತ್ತಾರೆ. ಬರುವುದಿಲ್ಲ. ಉಜ್ಜಬಾರದು. ಬಲಗಡೆಯ ಒಂದೇ ಜಾಗಕ್ಕೆ ಎರಡು ಸಲ ತಟ್ಟಬೇಕು. ಮದ್ದಳೆ ಬಾರಿಸುವವರ ಬೆರಳು ನೋಡಿದ್ದೀರಲ್ಲ? ಬಿದ್ದ ಬೆರಳು ಚರ್ಮದ ಮೇಲೆ ಕೂರುವುದಿಲ್ಲ, ತಕ್ಷಣ ಏಳುತ್ತದೆ. ಹಾಗೆ. ಇಲ್ಲಿ ಒತ್ತಬೇಕಾದ ದೂರವೇ ಇಲ್ಲದ್ದರಿಂದ ನನಗಂತೂ ಡ್ಯಾಶ್ ಡಿ-ಪ್ಯಾಡಿಗಿಂತ ಚುರುಕಾಗಿ ಬರುತ್ತದೆ.

ಟೆಕ್ಕನ್ ಅನ್ನುವ ಇನ್ನೊಂದು ಫೈಟಿಂಗ್ ಗೇಮ್ ಆಡುವವರಿಗೆ ಇದು ಇನ್ನೂ ಮುಖ್ಯ. ಅದರ ಕಜುಯಾ ಅನ್ನುವ ಪಾತ್ರದ ಹೆಸರಾದ ಎಲೆಕ್ಟ್ರಿಕ್ ಹೊಡೆತಕ್ಕೆ 6, 5, 2, 3 ಬೇಕು, ಅದರಲ್ಲಿ 3 ಬೀಳುವ ಫ್ರೇಮಿಗೇ ಬಲಗೈ ಪಂಚ್ ಬೀಳಬೇಕು. ಆ ನಡುವಿನ 5 ತಪ್ಪಿದರೆ ಪಟ್ಟು ಇಲ್ಲ. ಪ್ಯಾಡ್ ಮೇಲೆ ಇದನ್ನು ಒಂದೇ ಗೆರೆಯಾಗಿ ಎಳೆಯಲು ಹೋಗಬೇಡಿ. ಬಲಕ್ಕೆ ಒಂದು ತಟ್ಟು, ಎತ್ತು, ಕೆಳಗೆ ಇಳಿ, ಅಲ್ಲಿಂದ ಬಲಕ್ಕೆ ಸ್ವಲ್ಪ ಹೊರಳು. ಎತ್ತಿದ ಕ್ಷಣವೇ 5. ಅದು ತಾನಾಗಿ ಸಿಕ್ಕಿತು.

ಇವೊ ಅನ್ನುವ ಫೈಟಿಂಗ್ ಗೇಮ್ ಪಂದ್ಯಾವಳಿಯಲ್ಲಿ 2004ರಲ್ಲಿ ನಡೆದ ಸ್ಟ್ರೀಟ್ ಫೈಟರ್ 3 ಪಂದ್ಯದಲ್ಲಿ ಡೈಗೊ ಉಮೆಹರಾ ಒಂದೇ ಒಂದು ಏಟಿಗೆ ಸಾಯುವ ಸ್ಥಿತಿಯಲ್ಲಿದ್ದಾಗ ಜಸ್ಟಿನ್ ವಾಂಗ್ ಆಡಿಸುತ್ತಿದ್ದ ಚುನ್ ಲೀ ಪಾತ್ರ ಹೊಡೆದ 15 ಒದೆಗಳನ್ನೂ ಪ್ಯಾರಿ ಮಾಡಿ, ಅಂದರೆ ತಾಗದ ಹಾಗೆ ತಳ್ಳಿಹಾಕಿ, ಗೆದ್ದರು. ಫೈಟಿಂಗ್ ಗೇಮ್ ಲೋಕದಲ್ಲಿ ಅದರಷ್ಟು ಸಲ ನೋಡಿದ ವಿಡಿಯೋ ಬೇರೆ ಇರಲಿಕ್ಕಿಲ್ಲ. ಆ ಆಟದಲ್ಲಿ ಪ್ಯಾರಿ ಅಂದರೆ ಏಟು ಬೀಳುವ ಹೊತ್ತಿಗೆ ಸರಿಯಾಗಿ ಮುಂದೆ ಒಂದು ತಟ್ಟು. ತಟ್ಟಿ ಬಿಡಬೇಕು, ಮತ್ತೆ ತಟ್ಟಬೇಕು. ಡೈಗೊ ಆಡಿದ್ದು ಸ್ಟಿಕ್‌ನಲ್ಲಿ. ನಾನು ಆ ವಿಡಿಯೋ ನೋಡುವಾಗಲೆಲ್ಲ ಆ ತಟ್ಟುಗಳ ನಡುವಿನ 5ಗಳನ್ನೇ ಎಣಿಸುತ್ತೇನೆ.

ಎತ್ತುವುದರಿಂದ ಇನ್ನೊಂದು ಲಾಭ ಇದೆ. ಮುಂದಕ್ಕೆ ನಡೆಯುತ್ತಾ ಹಡೋಕೆನ್ ಹಾಕಲು ಹೋದರೆ ಶೊರ್ಯುಕೆನ್ ಬಂದುಬಿಡುವ ಕಾಟ ಎಲ್ಲರಿಗೂ ಗೊತ್ತು. ನಡಿಗೆಯ 6, ಅದರ ಹಿಂದೆ 2, 3, 6. ಆಟಕ್ಕೆ ಅದರೊಳಗೆ 6, 2, 3 ಕಂಡುಬಿಡುತ್ತದೆ. ಬೆರಳು 6ರಲ್ಲೇ ಕೂತಿದ್ದರೆ ಅವಸರದಲ್ಲಿ ಅದು ಹಾಗೇ ಜಾರುತ್ತದೆ. ಎತ್ತಿ, ಒಂದು ಉಸಿರು ಬಿಟ್ಟು, ನೇರ ಕೆಳಗೆ ಇಳಿದರೆ ಆ ಗೊಂದಲ ಕಡಿಮೆ. ಪ್ಯಾಡ್ ಮೇಲೆ ಬೆರಳು ಎಲ್ಲಿ ಬೇಕಾದರೂ ಇಳಿಯಬಹುದು, ದಾರಿಯ ಮಧ್ಯದ ದಿಕ್ಕುಗಳನ್ನು ಮುಟ್ಟಬೇಕಾಗಿಲ್ಲ. ಸ್ಟಿಕ್‌ಗೆ ಈ ಸ್ವಾತಂತ್ರ್ಯ ಇಲ್ಲ.

ಎಷ್ಟು ದೊಡ್ಡದಾಗಿ ಬರೆಯಬೇಕು

ಈಗ ಅಕ್ಕನ ಮಗನ ಅಂಚು ದಾಟುವ ತೊಂದರೆಗೆ ಬರೋಣ. ಅವನಿಗೆ "ಸಣ್ಣದಾಗಿ ಬರೆ" ಅಂದೆ. ಅವನು ತೀರಾ ಸಣ್ಣದಾಗಿ ಬರೆದ. ಆಗ ಇನ್ನೊಂದು ಕಾಟ ಶುರುವಾಯಿತು. ಹಡೋಕೆನ್ ಬದಲು ನೆಗೆತ, ಕೂರುವ ಬದಲು ಹಿಂದಕ್ಕೆ ನಡಿಗೆ, ಏನೇನೋ ಬರಲು ಶುರುವಾಯಿತು. ಒಂದು ಹಾಳೆ ತೆಗೆದುಕೊಂಡು ವೃತ್ತ ಬರೆದು ತೋರಿಸಿದೆ.

ಎಂಟು ದಿಕ್ಕು ಸಮನಾಗಿ ಹಂಚಿದರೆ ಒಂದೊಂದಕ್ಕೆ 45 ಡಿಗ್ರಿ. ನಡುವಿನಿಂದ 5 ಮಿಲಿಮೀಟರ್ ದೂರದಲ್ಲಿ ಬೆರಳು ಓಡಿದರೆ ಒಂದು ದಿಕ್ಕಿಗೆ ಸಿಗುವ ಅಗಲ ಸುಮಾರು 4 ಮಿಲಿಮೀಟರ್. ಹೆಬ್ಬೆರಳ ತುದಿ ಅದಕ್ಕಿಂತ ದಪ್ಪ ಇದೆ, ಸ್ವಲ್ಪ ನಡುಗಿದರೂ ಪಕ್ಕದ ದಿಕ್ಕಿಗೆ ಹೋಗುತ್ತದೆ. 15 ಮಿಲಿಮೀಟರ್ ದೂರದಲ್ಲಿ ಓಡಿದರೆ ಒಂದೊಂದಕ್ಕೆ ಸುಮಾರು 12 ಮಿಲಿಮೀಟರ್ ಅಗಲ ಸಿಗುತ್ತದೆ, ತಪ್ಪುವುದು ಕಷ್ಟ. ಆದರೆ 2ರಿಂದ 6ಕ್ಕೆ ಹೋಗಲು ಬೆರಳು 24 ಮಿಲಿಮೀಟರ್ ಹತ್ತಿರ ಓಡಬೇಕು, ಅಂಚೂ ಪಕ್ಕದಲ್ಲೇ ಇದೆ. 10 ಮಿಲಿಮೀಟರ್ ಆದರೆ ಅಗಲ ಸುಮಾರು 8, ಓಟ ಸುಮಾರು 16. ನನಗೆ ಹಿಡಿಸಿದ್ದು ಇದೇ. ಎಡಗೈ ಹೆಬ್ಬೆರಳು ಒಂದು ರೂಪಾಯಿ ನಾಣ್ಯದ ಅಂಚನ್ನು ಸವರಿದಷ್ಟು ದೊಡ್ಡ ವೃತ್ತ. ನಿಜವಾಗಿ ಒಂದು ನಾಣ್ಯ ತಂದು ಮೇಜಿನ ಮೇಲಿಟ್ಟು ಅವನಿಗೆ ಐದು ನಿಮಿಷ ಅದರ ಅಂಚನ್ನೇ ಸವರಿಸಿದೆ.

ನಡು ಎಲ್ಲಿದೆ ಎಂದು ಬೆರಳಿಗೆ ತಿಳಿಯಬೇಕಲ್ಲ, ಅದಕ್ಕೊಂದು ಉಪಾಯ. ಸೆಲ್ಲೋ ಟೇಪಿನ ಸಣ್ಣ ತುಂಡು, ಅಡಿಕೆ ಚೂರಿನಷ್ಟು ಚಿಕ್ಕದು, ಪ್ಯಾಡಿನ ಸರಿ ನಡುವಿಗೆ ಅಂಟಿಸಿ. ತೆಳು ಟೇಪಿನ ಮೂಲಕವೂ ಪ್ಯಾಡಿಗೆ ಬೆರಳು ಗೊತ್ತಾಗುತ್ತದೆ. ಕಣ್ಣು ಪರದೆ ಮೇಲಿದ್ದರೂ ಬೆರಳಿಗೆ ಟೇಪಿನ ಅಂಚು ತಾಗುತ್ತದೆ. ಕೊರೆದ ಗುರುತು ಇದ್ದರೂ ನನಗೆ ಇದು ಬೇಕೇ ಬೇಕು. ಸ್ಟೀಮ್ ಡೆಕ್‌ನ ನುಣುಪಾದ ಪ್ಯಾಡಿಗೆ ಇನ್ನೂ ಜಾಸ್ತಿ ಬೇಕು.

ಸೆಟ್ಟಿಂಗ್‌ಗಳ ವಿಷಯ. ಎಡ ಪ್ಯಾಡನ್ನು ಡೈರೆಕ್ಷನಲ್ ಪ್ಯಾಡ್ ಎಂದು ಇಡಿ, ಜಾಯ್‌ಸ್ಟಿಕ್ ಬೇಡ. ಜಾಯ್‌ಸ್ಟಿಕ್ ಆದರೆ ಬೆರಳಿನ ಜಾಗ ಮೊದಲು ಸ್ಟಿಕ್ಕಿನ ವಾಲುವಿಕೆಯಾಗಿ, ಅದು ಆಮೇಲೆ ಆಟದೊಳಗೆ ದಿಕ್ಕಾಗಿ ಬದಲಾಗುತ್ತದೆ. ಎರಡು ಸಲ ಅನುವಾದ ಯಾಕೆ? 'ಒತ್ತಿದರೆ ಮಾತ್ರ' ಅನ್ನುವ ಆಯ್ಕೆ ಇದ್ದರೆ ತೆಗೆಯಿರಿ. ಪ್ಯಾಡನ್ನು ಕ್ಲಿಕ್ ಆಗುವ ಹಾಗೆ ಒತ್ತಿ ಹಿಡಿದು ಬೆರಳು ಜಾರಿಸಲು ಹೋದರೆ ಚರ್ಮ ಎಳೆಯುತ್ತದೆ, ವೇಗ ಹೋಗುತ್ತದೆ, ನೋವು ವಾಪಸ್ ಬರುತ್ತದೆ. ಎಂಟು ದಿಕ್ಕಿನ ವಿನ್ಯಾಸವನ್ನೇ ಆರಿಸಿ. ನಾಲ್ಕು ದಿಕ್ಕಿನದಾದರೆ 3 ಬರುವುದೇ ಇಲ್ಲ, ಹಡೋಕೆನ್ ಎಲ್ಲಿಂದ ಬರಬೇಕು? ಡೆಡ್ ಜೋನ್ ಅಂದರೆ ನಡುವಿನ ಸುತ್ತ 'ಇಲ್ಲಿ ಬೆರಳಿದ್ದರೂ ಲೆಕ್ಕವಿಲ್ಲ' ಅನ್ನುವ ಜಾಗ. ಅದನ್ನು ಟೇಪಿನ ತುಂಡಿಗಿಂತ ಸ್ವಲ್ಪ ದೊಡ್ಡದಾಗಿ ಇಟ್ಟರೆ ಸಾಕು.

ಓವರ್‌ಲ್ಯಾಪ್ ಅನ್ನುವ ಸೆಟ್ಟಿಂಗ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮೂಲೆ ದಿಕ್ಕುಗಳು ಎಷ್ಟು ಅಗಲ ಇರಬೇಕು ಎಂದು ಇದು ತೀರ್ಮಾನಿಸುತ್ತದೆ. ಫೈಟಿಂಗ್ ಗೇಮ್‌ನಲ್ಲಿ ನಾವು ಅತಿ ಜಾಸ್ತಿ ಹೊತ್ತು ಇರುವ ಜಾಗ 1, ಅಂದರೆ ಕೂತು ತಡೆಯುವ ಜಾಗ. ಬೆರಳು ಅಲ್ಲಿಂದ ತಿಳಿಯದೆ 2ಕ್ಕೆ ಸರಿದರೆ ತಡೆ ಇಲ್ಲ, ಏಟು ಬೀಳುತ್ತದೆ. 4ಕ್ಕೆ ಸರಿದರೆ ಎದ್ದು ನಿಲ್ಲುತ್ತೇವೆ, ಕಾಲಿಗೆ ಬಿದ್ದ ಒದೆ ತಾಗುತ್ತದೆ. ಹಾಗಾಗಿ 1 ಅಗಲ ಇರಲಿ ಅನ್ನಿಸುತ್ತದೆ. ಆದರೆ ಓವರ್‌ಲ್ಯಾಪ್ ಜಾಸ್ತಿ ಮಾಡಿದರೆ 9 ಕೂಡ ಅಗಲವಾಗುತ್ತದೆ, 6 ಕಿರಿದಾಗುತ್ತದೆ. ಮುಂದೆ ನಡೆಯಲು ಹೋಗಿ ನೆಗೆದುಬಿಡುತ್ತೇವೆ. ಬೇಡದ ನೆಗೆತಕ್ಕಿಂತ ದೊಡ್ಡ ಶಿಕ್ಷೆ ಈ ಆಟದಲ್ಲಿ ಇಲ್ಲ, ಗಾಳಿಯಲ್ಲಿದ್ದವನನ್ನು ಶೊರ್ಯುಕೆನ್ ಕಾಯುತ್ತಿರುತ್ತದೆ. ನಾನು ಗೈಲ್ ಆಡುವಾಗ ಮೂಲೆಗಳನ್ನು ಅಗಲ ಇಡುತ್ತೇನೆ, ರ್ಯೂ ಆಡುವಾಗ ಎಲ್ಲ ಸಮ. ಪ್ರತಿ ಪಾತ್ರಕ್ಕೂ ಬೇರೆ ಸೆಟ್ಟಿಂಗ್ ಉಳಿಸಿಕೊಳ್ಳಬಹುದು, ಡಿ-ಪ್ಯಾಡಿನಲ್ಲಿ ಇದು ಸಾಧ್ಯವೇ ಇಲ್ಲ.

ಪ್ಯಾಡಿನ ಕೆಳಗೆ ಒಂದು ಸಣ್ಣ ಕಂಪಕ ಇದೆ. ದಿಕ್ಕು ಬದಲಾದಾಗ ಟಿಕ್ ಎಂದು ಬೆರಳಿಗೆ ಹೇಳುತ್ತದೆ. ಕಲಿಯುವಾಗ ಜೋರಾಗಿ ಇಟ್ಟುಕೊಳ್ಳಿ. ಹಡೋಕೆನ್‌ಗೆ ಕೆಳಗೆ ಇಳಿದಾಗ ಒಂದು ಟಿಕ್, ಆಮೇಲೆ ಎರಡು. ಮೂರು ಟಿಕ್ ಬಂದರೆ ಸರಿ. ರೂಢಿಯಾದ ಮೇಲೆ ನಾನು ಕಡಿಮೆ ಮಾಡಿದೆ.

ಶೊರ್ಯುಕೆನ್‌ಗೆ ಹೆದರುವುದು ಬೇಡ. 6ರಿಂದ 2ಕ್ಕೆ ಬೆರಳು ನೇರ ಜಾರಿಸಿದರೆ ದಾರಿಯಲ್ಲಿ 3 ತಾಗುತ್ತದೆ, ಅಂದರೆ 6, 3, 2, 3. ಬೇಕಾದ ಮೂರೂ ಅಂಕಿ ಅದೇ ಕ್ರಮದಲ್ಲಿ ಇದ್ದಾವೆ ಅಲ್ವಾ? ಬಹಳ ಆಟಗಳು ಒಪ್ಪಿಕೊಳ್ಳುತ್ತವೆ. ಜಾಂಗೀಫ್‌ನ ಸುತ್ತಿಗಂತೂ ಈ ದುಂಡು ಪ್ಯಾಡ್ ಹೇಳಿ ಮಾಡಿಸಿದ ಹಾಗಿದೆ. ರುಬ್ಬುವ ಕಲ್ಲು ತಿರುಗಿಸಿದ ಹಾಗೆ ಬೆರಳು ಸರಾಗ ಸುತ್ತುತ್ತದೆ, ಎಲ್ಲೂ ತಡೆಯುವುದಿಲ್ಲ.

ಬಲಗೈ

ಬಲಗೈ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಲ ಪ್ಯಾಡನ್ನು ಬಟನ್ ಮಾಡಲು ಹೋಗಬೇಡಿ. ಹೊಡೆತಕ್ಕೆ ನಿಜವಾದ ಬಟನ್ನೇ ಬೇಕು. ಸ್ಟ್ರೀಟ್ ಫೈಟರಿಗೆ ಆರು ಬೇಕು. ನಾಲ್ಕು ಎ, ಬಿ, ಎಕ್ಸ್, ವೈ. ಇನ್ನೆರಡು ತೋರುಬೆರಳಿಗೆ ಸಿಗುವ ಬಲಗಡೆಯ ಬಂಪರ್ ಮತ್ತು ಟ್ರಿಗರ್. ಟ್ರಿಗರ್ ಪೂರ್ತಿ ಎಳೆದ ಮೇಲೆ ಹೊಡೆಯುವ ಬದಲು ಸ್ವಲ್ಪ ಎಳೆದ ತಕ್ಷಣ ಹೊಡೆಯುವ ಹಾಗೆ ಬದಲಿಸಿ, ಎರಡು ಮೂರು ಫ್ರೇಮ್ ಉಳಿಯುವುದೂ ಇಲ್ಲಿ ದೊಡ್ಡದು. ಹಿಂದುಗಡೆ ಬೆರಳ ಕೆಳಗೆ ಬರುವ ಎರಡು ಬಟನ್‌ಗಳಲ್ಲಿ ಒಂದಕ್ಕೆ ಎಸೆತ, ಇನ್ನೊಂದಕ್ಕೆ ಡ್ರೈವ್ ಇಂಪ್ಯಾಕ್ಟ್ ಕೊಟ್ಟಿದ್ದೇನೆ. ಎರಡು ಬಟನ್ ಒಟ್ಟಿಗೆ ಒತ್ತುವ ಕೆಲಸ ಒಂದರಲ್ಲಿ ಆಗುತ್ತದೆ.

ಸ್ಟೀಮ್ ಸಾಫ್ಟ್‌ವೇರಿನಲ್ಲಿ ಒಂದು ಬಟನ್ ಒತ್ತಿದರೆ ಸಾಲಾಗಿ ಹಲವು ಬಟನ್ ಒತ್ತಿದ ಹಾಗೆ ಮಾಡಲೂ ಬರುತ್ತದೆ. ಅದನ್ನು ಇಟ್ಟು ಶೊರ್ಯುಕೆನ್ ಹೊಡೆಯಬೇಡಿ. ಪಂದ್ಯಗಳಲ್ಲಿ ಅದು ಮೋಸ. ಆನ್‌ಲೈನ್‌ನಲ್ಲಿ ಎದುರಿಗೆ ಕೂತವರಿಗೂ ಮೋಸವೇ. ಬೆರಳು ಕಲಿಯಲಿ. ವಿಚಿತ್ರ ಸಾಧನ ಅಂತ ಸಂಕೋಚ ಪಡುವ ಅಗತ್ಯ ಮಾತ್ರ ಇಲ್ಲ. ಫ್ರಾನ್ಸಿನ ಲುಫಿ 2014ರ ಇವೊದಲ್ಲಿ ಅಲ್ಟ್ರಾ ಸ್ಟ್ರೀಟ್ ಫೈಟರ್ 4 ಗೆದ್ದಿದ್ದು ಮೊದಲ ಪ್ಲೇಸ್ಟೇಷನ್ನಿನ ಹಳೇ ಗೇಮ್‌ಪ್ಯಾಡಿನಲ್ಲಿ, ಸುತ್ತ ಹೆಚ್ಚಿನವರ ಕೈಯಲ್ಲಿ ಆರ್ಕೇಡ್ ಸ್ಟಿಕ್ ಇದ್ದಾಗ. ಅಮೆರಿಕದ ಮೈಕ್ ಬೆಗಮ್, ಬ್ರೋಲಿಲೆಗ್ಸ್ ಎಂದು ಹೆಸರಾದವರು, ಕೈಕಾಲು ಆಡದಿದ್ದರೂ ಮಾಮೂಲಿ ಗೇಮ್‌ಪ್ಯಾಡನ್ನು ಬಾಯಿ, ಮುಖದಿಂದಲೇ ಆಡಿಸಿ ಚುನ್ ಲೀಯಲ್ಲಿ ಎಲ್ಲರ ಗೌರವ ಗಳಿಸಿದರು. 2023ರಲ್ಲಿ ತೀರಿಕೊಂಡರು. ಅವರ ಆಟ ನೋಡಿದ ಮೇಲೆ ನನ್ನ ಹೆಬ್ಬೆರಳ ನೋವಿನ ಬಗ್ಗೆ ದೂರುವುದನ್ನು ಬಿಟ್ಟೆ.

ಮಳೆಗಾಲದ ಪ್ಯಾಡ್

ನಮ್ಮ ಕಡೆಯವರು ತಿಳಿಯಲೇಬೇಕಾದ ವಿಷಯ ಒಂದಿದೆ. ಈ ಪ್ಯಾಡಿಗೆ ನೀರು ಆಗದು. ಬೆರಳಿನ ಹಾಗೇ ನೀರಿನ ಹನಿಯೂ ಅದರ ವಿದ್ಯುತ್ ಸ್ಥಿತಿಯನ್ನು ಬದಲಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗುಂಬೆ ಸುತ್ತಮುತ್ತ ಹಪ್ಪಳ ಡಬ್ಬದಿಂದ ಹೊರತೆಗೆದ ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದೆ. ಬೆರಳೂ ಹಾಗೇ, ಯಾವಾಗಲೂ ಒಂದು ಪಸೆ ಇದ್ದೇ ಇರುತ್ತದೆ. ಪಸೆ ಬೆರಳು ಪ್ಯಾಡ್ ಮೇಲೆ ಜಾರುವ ಬದಲು ಅಂಟಿ ಅಂಟಿ ಹೋಗುತ್ತದೆ, 3 ದಾಟುವಾಗ ತಡೆದು ಆಮೇಲೆ ಹಾರುತ್ತದೆ. ಬೆವರಿನ ಗೆರೆ ಉಳಿದರೆ ದಿಕ್ಕು ನಡುಗುತ್ತದೆ. ನಾನು ತೊಡೆ ಮೇಲೆ ಒಂದು ಹತ್ತಿಯ ಪಾಣಿಪಂಚೆ ಹಾಕಿಕೊಂಡೇ ಕೂರುತ್ತೇನೆ. ಪ್ರತಿ ರೌಂಡ್ ಮುಗಿದ ಮೇಲೆ ಬೆರಳು, ಪ್ಯಾಡ್ ಎರಡನ್ನೂ ಒರೆಸುತ್ತೇನೆ. ತೀರಾ ಆದರೆ ಬೆರಳ ತುದಿಗೆ ಚೂರು ಪೌಡರ್.

ಅಡಿಕೆ ಸುಲಿಯುವವರು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾರಲ್ಲ, ಅದನ್ನು ಬಿಚ್ಚದೆ ಆಡಲು ಕೂತರೆ ಪ್ಯಾಡಿಗೆ ಬೆರಳೇ ಕಾಣುವುದಿಲ್ಲ. ದಪ್ಪ ಬ್ಯಾಂಡೇಜಿಗೂ ಇದೇ ಗತಿ. ಗಾಯ ಇದ್ದ ದಿನ ಆಟ ಬೇಡ.

ಒಂದು ವಿಷಯದಲ್ಲಿ ಮಾತ್ರ ಈ ಹಳೇ ಕಂಟ್ರೋಲರ್ ಮಲೆನಾಡಿಗೆ ಚೆನ್ನಾಗಿ ಹೊಂದುತ್ತದೆ. ಇದು ಎರಡು ಡಬಲ್ ಎ ಸೆಲ್‌ನಲ್ಲಿ ನಡೆಯುತ್ತದೆ. ಕರೆಂಟು ಹೋಗಿ ಎರಡು ದಿನ ಆದರೂ ಪೇಟೆ ಅಂಗಡಿಯಲ್ಲಿ ಸೆಲ್ ಸಿಗುತ್ತದೆ. ಕರೆಂಟು ಇದ್ದಾಗ ನಾನು ವೈರ್ ಹಾಕಿಯೇ ಆಡುತ್ತೇನೆ, ಸೆಲ್ ಉಳಿಯುತ್ತದೆ.

ಅವತ್ತು ಸಂಜೆ ಅಭ್ಯಾಸ ಹೀಗೆ ಮಾಡಿಸಿದೆ. ಬಲಕ್ಕೆ ಮುಖ ಮಾಡಿ 20 ಹಡೋಕೆನ್, ಎಡಕ್ಕೆ ಮುಖ ಮಾಡಿ 20. ತಪ್ಪಿದಾಗಲೆಲ್ಲ ಮತ್ತೆ ಹಾಕುವ ಮೊದಲು ಪರದೆಯ ಸಾಲು ಓದಬೇಕು. 3 ಬಂದಿಲ್ಲ ಅಂದರೆ ಬೆರಳು ನಡುವಿನ ಮೇಲಿಂದ ಅಡ್ಡ ಹಾದಿದೆ. 6 ಬಂದಿಲ್ಲ ಅಂದರೆ ಅಂಚು ದಾಟಿದೆ, ಇಲ್ಲವೇ ಪಂಚ್ ಅವಸರವಾಗಿದೆ. ಕೊನೆಯಲ್ಲಿ 9 ಬಂದಿದ್ದರೆ ಬೆರಳು ನಿಲ್ಲಬೇಕಾದ ಕಡೆ ನಿಂತಿಲ್ಲ. ಬಲಕ್ಕೆ ಮೊದಲು 8 ಬಂತು, ಆಮೇಲೆ 15, ಊಟಕ್ಕೆ ಕರೆಯುವ ಹೊತ್ತಿಗೆ 19. ಎಡಕ್ಕೆ ಮಾತ್ರ 11ರ ಮೇಲೆ ಹೋಗಲಿಲ್ಲ. ಎಡಗೈ ಹೆಬ್ಬೆರಳು ಹೊರಕ್ಕೆ ಚಾಚುವುದು ಸುಲಭ, ತನ್ನ ಬುಡದ ಕಡೆಗೇ ಮಡಚಿಕೊಂಡು ಹೊರಳುವುದು ಕಷ್ಟ. ಕಂಟ್ರೋಲರನ್ನು ಕೈಯಲ್ಲಿ ಚೂರು ಓರೆ ಹಿಡಿ ಅಂದೆ. 13 ಆಯಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಇನ್ನೂ ಅರ್ಧ ಗಂಟೆ ಇತ್ತು. "ಮಾವ, ಒಂದೇ ನಿಮಿಷ, ಎಡಕ್ಕೆ ಇನ್ನೊಂದು ಇಪ್ಪತ್ತು" ಎಂದು ಬೆರಳನ್ನು ಪಾಣಿಪಂಚೆಗೆ ಒರೆಸಿಕೊಂಡ.